ಅರ್ಬುದ ರೋಗವೂ ಆಪ್ತವಾಕ್ಯವೂ



ಮನೆಯಲ್ಲಿ ಒಬ್ಬರಿಗೆ ಕ್ಯಾನ್ಸರ್ ಇದೆಯೆಂದು ತಿಳಿದ ದಿನ ಆ ಮನೆಗೆ ಔಷಧಿಗಿಂತ ಮೊದಲು ಮಾತು ಬಂದು ಸೇರುತ್ತದೆ. ನೆರೆಯವರು ಬರುತ್ತಾರೆ, ಬೀಗರು ಬರುತ್ತಾರೆ, ದೂರದ ಊರಿನಿಂದ ಫೋನು ಬರುತ್ತದೆ. ಒಬ್ಬರು ಒಂದು ಬೇರಿನ ಹೆಸರು ಹೇಳುತ್ತಾರೆ, ಇನ್ನೊಬ್ಬರು ಒಂದು ಊರಿನ ಹೆಸರು ಹೇಳುತ್ತಾರೆ, ಮತ್ತೊಬ್ಬರು ಮೊಬೈಲಿನಲ್ಲಿ ವಿಡಿಯೋ ತೋರಿಸುತ್ತಾರೆ. ಎಲ್ಲರೂ ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಔಷಧಿಗೆ ಹೇಗೆ ಗುಣವೂ ದೋಷವೂ ಇವೆಯೋ ಹಾಗೆಯೇ ಮಾತಿಗೂ ಇವೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲಿ ಸುಮಾರು ನಾಲ್ಕು ದಶಕಗಳಿಂದ ರೋಗಿಗಳನ್ನು ನೋಡುತ್ತ ಬಂದಿರುವ ನಮಗೆ, ಕ್ಯಾನ್ಸರಿನಷ್ಟೇ ಹಾನಿಯನ್ನು ಕೆಲವೊಮ್ಮೆ ತಪ್ಪು ಮಾತು ಮಾಡಿರುವುದು ಕಂಡಿದೆ. ಆದ್ದರಿಂದ ಈ ಸಂಚಿಕೆಯಲ್ಲಿ ಔಷಧಿಯ ವಿಷಯವನ್ನು ಬದಿಗಿರಿಸಿ, ಈ ರೋಗದ ಬಗೆಗೆ ಯಾರ ಮಾತನ್ನು ಕೇಳಬೇಕು, ಕೇಳಿದ್ದನ್ನು ಹೇಗೆ ಪರೀಕ್ಷಿಸಬೇಕು ಎಂಬುದನ್ನು ವಿಚಾರಿಸೋಣ.

ಅನ್ಯರ ತಪ್ಪನ್ನು ಹೇಳುವ ಮೊದಲು ನಮ್ಮ ತಪ್ಪನ್ನು ಹೇಳಿಕೊಳ್ಳುವುದು ಧರ್ಮ. ಇಪ್ಪತ್ತೈದು ವರ್ಷಗಳ ಹಿಂದಿನ ಮಾತು. ನ್ಯಾಮತಿ ಕಡೆಯ ರೈತರೊಬ್ಬರು ನಮ್ಮ ಚಿಕಿತ್ಸಾಲಯಕ್ಕೆ ಬಂದರು. ಐವತ್ತರ ಆಸುಪಾಸಿನ ವಯಸ್ಸು. ಬೆಳಗಿನಿಂದ ರಾತ್ರಿಯವರೆಗೆ ಎಲೆ, ಅಡಿಕೆ, ಹೊಗೆಸೊಪ್ಪು ಬಾಯಲ್ಲಿರಲೇಬೇಕು. ಬಲಗೆನ್ನೆಯ ಒಳಗೆ ಹುಣ್ಣಾಗಿತ್ತು. ಖಾರ ತಾಗಿದರೆ ಉರಿ. ನಾವು ಅದನ್ನು ಪಿತ್ತಪ್ರಕೋಪದ ಮುಖಪಾಕವೆಂದು ತಿಳಿದು ಇರಿಮೇದಾದಿ ತೈಲವನ್ನೂ ತ್ರಿಫಲಾ ಕಷಾಯದ ಗಂಡೂಷವನ್ನೂ ಹೇಳಿ ಕಳುಹಿಸಿದೆವು. ಉರಿ ತಗ್ಗಿತು, ಹುಣ್ಣು ಮಾಯಲಿಲ್ಲ. ಔಷಧಿ ಬದಲಿಸಿದೆವು. ಹೀಗೆ ಮೂರು ತಿಂಗಳು ಕಳೆದವು. ಕುತ್ತಿಗೆಯಲ್ಲಿ ಗಡ್ಡೆ ಕಾಣಿಸಿಕೊಂಡ ಮೇಲೆ ಎಚ್ಚೆತ್ತು ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಗೆ ಕಳುಹಿಸಿದೆವು. ಆ ವೇಳೆಗೆ ರೋಗ ಮುಂದುವರಿದಿತ್ತು. ಅವರು ಉಳಿಯಲಿಲ್ಲ. ಮುಂದೊಂದು ದಿನ ಅವರ ಪತ್ನಿ ನಮ್ಮಲ್ಲಿಗೆ ಬಂದಾಗ ಒಂದು ಕಟುನುಡಿಯನ್ನೂ ಆಡಲಿಲ್ಲ. "ನಿಮ್ಮ ಮಾತಿನ ಮ್ಯಾಲೆ ಅವರಿಗೆ ಭಾಳ ನಂಬಿಕೆ ಇತ್ತು ಡಾಕ್ಟ್ರೇ" ಎಂದಷ್ಟೇ ಹೇಳಿದರು. ಆ ಮಾತು ಇಂದಿಗೂ ನಮ್ಮನ್ನು ಕಾಡುತ್ತದೆ. ನಂಬಿಕೆ ಅವರದಾಗಿತ್ತು, ಆ ನಂಬಿಕೆಗೆ ತಕ್ಕ ಪರೀಕ್ಷೆ ನಮ್ಮಿಂದ ಆಗಿರಲಿಲ್ಲ.

ಆಪ್ತರು ಯಾರು?

ರೋಗವನ್ನು ತಿಳಿಯಲು ಚರಕಾಚಾರ್ಯರು ವಿಮಾನಸ್ಥಾನದ ನಾಲ್ಕನೆಯ ಅಧ್ಯಾಯದಲ್ಲಿ ಮೂರು ಸಾಧನಗಳನ್ನು ಹೇಳಿದ್ದಾರೆ: ಆಪ್ತೋಪದೇಶ, ಪ್ರತ್ಯಕ್ಷ, ಅನುಮಾನ. ಅಂದರೆ ತಿಳಿದವರ ಮಾತು, ಕಣ್ಣಾರೆ ಕಂಡದ್ದು, ಮತ್ತು ಯುಕ್ತಿಯಿಂದ ಊಹಿಸಿದ್ದು. ಇವು ವೈದ್ಯನಿಗೆ ಹೇಳಿದವಾದರೂ ರೋಗಿಯ ಮನೆಯವರಿಗೂ ಅಷ್ಟೇ ಉಪಯುಕ್ತ.

ಇಲ್ಲಿ 'ಆಪ್ತ' ಎಂಬ ಶಬ್ದವನ್ನು ಗಮನಿಸಬೇಕು. ನಮ್ಮ ದಿನಬಳಕೆಯ ಕನ್ನಡದಲ್ಲಿ ಆಪ್ತರೆಂದರೆ ಹತ್ತಿರದವರು, ಕಷ್ಟಕ್ಕೆ ಒದಗುವವರು. ಚರಕರ ಅರ್ಥ ಬೇರೆ. ರಜಸ್ಸು ತಮಸ್ಸುಗಳಿಂದ ಬಿಡುಗಡೆ ಹೊಂದಿದ, ಸಂಶಯವಿಲ್ಲದ ಜ್ಞಾನವುಳ್ಳ ವ್ಯಕ್ತಿಯನ್ನು ಅವರು ಆಪ್ತನೆನ್ನುತ್ತಾರೆ. ಸರಳವಾಗಿ ಹೇಳುವುದಾದರೆ, ಆ ವಿಷಯವನ್ನು ಬಲ್ಲವನಾಗಿರಬೇಕು, ಅದರಲ್ಲಿ ಅವನಿಗೆ ಸ್ವಲಾಭವಿರಬಾರದು. ನಮ್ಮ ಮನೆಯ ಆಪ್ತರೆಲ್ಲರೂ ಚರಕರ ಆಪ್ತರಲ್ಲ. ಬೀಗರ ಪ್ರೀತಿ ನಿಜ, ಆದರೆ ಕ್ಯಾನ್ಸರಿನ ವಿಷಯದಲ್ಲಿ ಅವರಿಗೆ ಜ್ಞಾನವಿಲ್ಲ. ಜಾಹೀರಾತು ಕೊಡುವವನಿಗೆ ಒಂದಿಷ್ಟು ಜ್ಞಾನವಿದ್ದರೂ ಇರಬಹುದು, ಆದರೆ ಅವನಿಗೆ ಲಾಭವಿದೆ. ಆದ್ದರಿಂದ ಯಾವ ಮಾತು ಕಿವಿಗೆ ಬಿದ್ದರೂ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಇವರಿಗೆ ಇದು ಹೇಗೆ ಗೊತ್ತು? ನಾವು ಇದನ್ನು ನಂಬಿದರೆ ಇವರಿಗೆ ಏನು ಸಿಗುತ್ತದೆ?

ಸಾಲಿನಲ್ಲಿ ಕೇಳಿದ ಮಾತು

ನಮ್ಮ ಸೀಮೆಯವರಿಗೆ ಸಾಗರ ತಾಲ್ಲೂಕಿನ ಆನಂದಪುರದ ಬಳಿಯ ನರಸೀಪುರ ಚಿರಪರಿಚಿತ. ಅಲ್ಲಿನ ವೈದ್ಯ ನಾರಾಯಣಮೂರ್ತಿಯವರು ವಾರದಲ್ಲಿ ಎರಡು ದಿನ, ಗುರುವಾರ ಮತ್ತು ಭಾನುವಾರ, ಮರದ ತೊಗಟೆಯ ಔಷಧಿ ಕೊಡುತ್ತಿದ್ದರು. ದೇಶದ ಮೂಲೆಮೂಲೆಗಳಿಂದ ಬಂದ ಜನ ರಾತ್ರಿಯಿಂದಲೇ ಸಾಲಿನಲ್ಲಿ ನಿಲ್ಲುತ್ತಿದ್ದರು. ಹೊನ್ನಾಳಿ, ಚನ್ನಗಿರಿಗಳಿಂದಲೂ ಬಹಳ ಮಂದಿ ಹೋದರು. 2020ರಲ್ಲಿ ಅವರು ನಿಧನರಾದರು. ಆ ವೈದ್ಯರ ಬಗೆಗೆ ಇಲ್ಲಿ ನಾವು ತೀರ್ಪು ಹೇಳಲು ಹೊರಟಿಲ್ಲ. ಸಾಲಿನಲ್ಲಿ ನಿಂತವರು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದ ಮಾತಿನ ಬಗೆಗೆ ಮಾತ್ರ ಹೇಳುತ್ತಿದ್ದೇವೆ.

"ನಮ್ಮೂರಾಗೆ ಒಬ್ಬರಿಗೆ ಪೂರ್ತಿ ವಾಸಿ ಆತು" ಎಂಬುದು ಸಾಲಿನ ಮುಖ್ಯ ಮಾತು. ಹೇಳುವವನು ಸುಳ್ಳು ಹೇಳುತ್ತಿರಲಾರ. ಆದರೆ ಯಾವ ಸಾಲಿನಲ್ಲಿಯೂ ಬದುಕಿರುವವರು ಮಾತ್ರ ನಿಲ್ಲುತ್ತಾರೆ. ತೀರಿಕೊಂಡವರು ಬಂದು, ನಮಗೆ ಗುಣವಾಗಲಿಲ್ಲವೆಂದು ಸಾಕ್ಷಿ ಹೇಳುವುದಿಲ್ಲ. ಅವರ ಮನೆಯವರೂ ಮತ್ತೆ ಅಲ್ಲಿಗೆ ಹೋಗುವುದಿಲ್ಲ. ವಾಸಿಯಾದ ಆ ಒಬ್ಬರಿಗೆ ಇದ್ದದ್ದು ಕ್ಯಾನ್ಸರೇ ಎಂದು ಪರೀಕ್ಷೆಯಿಂದ ಸಿದ್ಧವಾಗಿತ್ತೆ? ಅವರು ಅದರ ಜೊತೆಗೆ ಶಸ್ತ್ರಚಿಕಿತ್ಸೆಯನ್ನೂ ಮಾಡಿಸಿಕೊಂಡಿದ್ದರೆ? ಎಷ್ಟು ಮಂದಿ ಆ ಔಷಧಿ ತೆಗೆದುಕೊಂಡರು, ಅವರಲ್ಲಿ ಐದು ವರ್ಷಗಳ ನಂತರ ಎಷ್ಟು ಮಂದಿ ಇದ್ದಾರೆ? ಈ ಮೂರು ಪ್ರಶ್ನೆಗಳಿಗೆ ಉತ್ತರ ಸಿಗುವವರೆಗೆ ಒಬ್ಬರ ಕತೆ ಕತೆಯಾಗಿಯೇ ಉಳಿಯುತ್ತದೆ. ನಮ್ಮ ಆಯುರ್ವೇದದ ಔಷಧಿಗಳಿಗೂ ಇದೇ ಅಳತೆ ಅನ್ವಯಿಸಬೇಕು. ನಮಗೆ ವಿನಾಯಿತಿ ಬೇಡ.

ಇಂದು ಆ ಸಾಲು ಮೊಬೈಲಿಗೆ ಬಂದಿದೆ. ಚನ್ನಗಿರಿಯ ಕೆಲವು ತೋಟಗಳಲ್ಲಿ ಅಡಿಕೆಯ ನಡುವೆ ಲಕ್ಷ್ಮಣ ಫಲದ ಗಿಡಗಳನ್ನು ನೆಟ್ಟಿದ್ದಾರೆ. ಕೀಮೋಥೆರಪಿಗಿಂತ ಸಾವಿರಾರು ಪಟ್ಟು ಶಕ್ತಿಶಾಲಿ ಎಂಬ ವಾಟ್ಸಪ್ ಸಂದೇಶ ಅದಕ್ಕೆ ಕಾರಣ. ಆ ಗಿಡದ ಸಾರ ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಕೆಲವು ಜೀವಕೋಶಗಳನ್ನು ಕೊಂದಿರುವುದು ನಿಜ. ಗಾಜಿನ ತಟ್ಟೆಯಲ್ಲಿ ಜೀವಕೋಶಗಳನ್ನು ಕೊಲ್ಲುವ ವಸ್ತುಗಳು ಎಷ್ಟೋ ಇವೆ. ಮನುಷ್ಯರ ಕ್ಯಾನ್ಸರನ್ನು ಅದು ಗುಣಪಡಿಸುತ್ತದೆಂದು ಸಿದ್ಧವಾಗಿಲ್ಲ. ಮೇಲಾಗಿ, ಅದರ ಹಣ್ಣನ್ನೂ ಎಲೆಯ ಕಷಾಯವನ್ನೂ ಹೆಚ್ಚಾಗಿ ಬಳಸುವ ಕೆರೀಬಿಯನ್ ದ್ವೀಪ ಗ್ವಾಡಲೂಪಿನಲ್ಲಿ ನಡುಕವಾತವನ್ನು ಹೋಲುವ ನರರೋಗದೊಂದಿಗೆ ಅದರ ಸಂಬಂಧವನ್ನು 1999ರಲ್ಲಿಯೇ ವೈದ್ಯರು ಗುರುತಿಸಿದ್ದಾರೆ.

ಗಿಡದಿಂದ ಕ್ಯಾನ್ಸರ್ ಔಷಧಿ ಬರುವುದೇ ಇಲ್ಲವೆಂದು ಇದರ ಅರ್ಥವಲ್ಲ. ನಮ್ಮ ಅಂಗಳದ ನಿತ್ಯಪುಷ್ಪದಿಂದಲೇ ವಿನ್‌ಕ್ರಿಸ್ಟಿನ್, ವಿನ್‌ಬ್ಲಾಸ್ಟಿನ್ ಎಂಬ ಔಷಧಿಗಳು 1950-60ರ ದಶಕಗಳಲ್ಲಿ ದೊರೆತವು. ಮಕ್ಕಳ ರಕ್ತದ ಕ್ಯಾನ್ಸರಿನಲ್ಲಿ ಇಂದಿಗೂ ವಿನ್‌ಕ್ರಿಸ್ಟಿನ್ ಬಳಸುತ್ತಾರೆ. ಆದರೆ ಅದನ್ನು ಶುದ್ಧಗೊಳಿಸಿ, ಮಿಲಿಗ್ರಾಂ ಲೆಕ್ಕದಲ್ಲಿ ಅಳೆದು, ರಕ್ತನಾಳಕ್ಕೆ ಕೊಡುತ್ತಾರೆ. ಆ ಸುದ್ದಿ ಕೇಳಿ ಅಂಗಳದ ಎಲೆಯನ್ನು ಅರೆದು ಕುಡಿದರೆ ಅದು ವಿಷಪ್ರಯೋಗವಾಗುತ್ತದೆ.

ಇನ್ನೊಂದು ಸಂಗತಿ ಎಲ್ಲರೂ ತಿಳಿದಿರಬೇಕು. 1954ರ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಪ್ರಕಾರ, ಕ್ಯಾನ್ಸರ್ ಗುಣಪಡಿಸುತ್ತೇವೆಂದು ಔಷಧಿಯ ಜಾಹೀರಾತು ಕೊಡುವುದು ಅಪರಾಧ. ಆದುದರಿಂದ ಗೋಡೆಯ ಮೇಲಾಗಲಿ, ಪತ್ರಿಕೆಯಲ್ಲಾಗಲಿ, ಮೊಬೈಲಿನಲ್ಲಾಗಲಿ 'ಕ್ಯಾನ್ಸರ್ ಶೇಕಡಾ ನೂರು ಗುಣ' ಎಂಬ ಜಾಹೀರಾತು ಕಂಡರೆ, ಆ ಔಷಧಿಯ ಯೋಗ್ಯತೆಯನ್ನು ವಿಚಾರಿಸುವ ಶ್ರಮವೂ ಬೇಡ. ಕಾನೂನನ್ನು ಮೀರಿದವನು ಚರಕರ ಆಪ್ತನಾಗಲಾರ.

ಅಪ್ರಿಯವಾದರೂ ಹಿತವಾದದ್ದು

ಜನರು ಮಾಹಿತಿಯನ್ನು ಹುಡುಕುವಾಗ ಹಿತವಾದದ್ದಕ್ಕಿಂತ ಪ್ರಿಯವಾದದ್ದನ್ನು ಹೆಚ್ಚಾಗಿ ಹುಡುಕುತ್ತಾರೆ. ಇದಕ್ಕೆ ನಮ್ಮ ಭಾಗದಲ್ಲಿ ಅಡಿಕೆಗಿಂತ ಒಳ್ಳೆಯ ಉದಾಹರಣೆಯಿಲ್ಲ. ಚನ್ನಗಿರಿ ಸೀಮೆ ಅಡಿಕೆಯಿಂದ ಬದುಕುತ್ತಿದೆ. ಮಕ್ಕಳ ಓದು, ಮದುವೆ, ಮನೆ ಎಲ್ಲವೂ ಅದರಿಂದಲೇ. ಈ ಪತ್ರಿಕೆಯ ಓದುಗರಲ್ಲಿ ಅರ್ಧದಷ್ಟು ಮಂದಿ ತೋಟದವರಾದರೂ ಆಶ್ಚರ್ಯವಿಲ್ಲ. ಆದ್ದರಿಂದ "ಗುಟ್ಕಾ ಕೆಟ್ಟದ್ದು, ಬರೀ ಅಡಿಕೆಗೆ ಏನೂ ಆಗಲ್ಲ" ಎಂಬ ಮಾತು ಎಲ್ಲರಿಗೂ ಪ್ರಿಯ. ನಮಗೂ ಪ್ರಿಯವೇ.

ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ತನ್ನ 85ನೆಯ ಸಂಪುಟದಲ್ಲಿ, ಹೊಗೆಸೊಪ್ಪು ಸೇರಿದ ಎಲೆ-ಅಡಿಕೆಯನ್ನಷ್ಟೇ ಅಲ್ಲದೆ ಹೊಗೆಸೊಪ್ಪಿಲ್ಲದ ಎಲೆ-ಅಡಿಕೆಯನ್ನೂ, ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಮೊದಲನೆಯ ವರ್ಗಕ್ಕೆ ಸೇರಿಸಿದೆ. ಹೊಗೆಸೊಪ್ಪು ಸೇರಿದರೆ ಅಪಾಯ ಇನ್ನೂ ಹೆಚ್ಚು. 2013ರಲ್ಲಿ ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದ ಮೇಲೆ ಪಾನ್ ಮಸಾಲೆಯ ಪೊಟ್ಟಣ ಬೇರೆ, ತಂಬಾಕಿನ ಪೊಟ್ಟಣ ಬೇರೆ ಕೊಂಡು ಅಂಗೈಯಲ್ಲಿ ಕಲಸುವುದನ್ನು ನಾವೆಲ್ಲ ನೋಡುತ್ತಿದ್ದೇವೆ. ನಿತ್ಯ ಅಡಿಕೆ ಅಗಿಯುವವರ ಕೆನ್ನೆಯ ಒಳಪದರ ಕ್ರಮೇಣ ಗಟ್ಟಿಯಾಗಿ, ಬಿಳಿಚಿಕೊಂಡು, ಬಾಯಿ ತೆರೆಯದಂತಾಗುವ ರೋಗವೊಂದಿದೆ. ಅದು ಕ್ಯಾನ್ಸರಿಗೆ ತಿರುಗಬಲ್ಲದು.

ಇಲ್ಲಿ ಚರಕರ ಎರಡನೆಯ ಸಾಧನವಾದ ಪ್ರತ್ಯಕ್ಷ ನಮ್ಮ ಕೈಯಲ್ಲಿಯೇ ಇದೆ. ತಿಂಗಳಿಗೊಮ್ಮೆ ಬೆಳಕಿನಲ್ಲಿ ಕನ್ನಡಿ ಹಿಡಿದು ನಿಲ್ಲಿ. ತೋರುಬೆರಳು, ನಡುಬೆರಳು, ಉಂಗುರಬೆರಳು ಮೂರನ್ನೂ ಒಂದರ ಮೇಲೊಂದಾಗಿ ಮೇಲಿನ ಮತ್ತು ಕೆಳಗಿನ ಮುಂಬಲ್ಲುಗಳ ನಡುವೆ ಇಟ್ಟು ನೋಡಿ. ಮೂರು ಬೆರಳು ಹಿಡಿಸದಿದ್ದರೆ ವೈದ್ಯರಲ್ಲಿಗೆ ಹೋಗಬೇಕು. ಕೆನ್ನೆಯ ಒಳಭಾಗ, ನಾಲಿಗೆಯ ಅಂಚು, ನಾಲಿಗೆಯ ಅಡಿಭಾಗಗಳಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಗಂಟು, ಮೂರು ವಾರಗಳಾದರೂ ಮಾಯದ ಹುಣ್ಣು ಇದ್ದರೆ ಅದನ್ನು ಉಷ್ಣವೆಂದು ತಳ್ಳಿಹಾಕಬಾರದು. ಅಂಥ ಹುಣ್ಣಿಗೆ ನಾವಾಗಲಿ ಬೇರೆ ಯಾರಾಗಲಿ ಮೂರು ವಾರಕ್ಕಿಂತ ಹೆಚ್ಚು ಕಾಲ ಎಣ್ಣೆ, ಕಷಾಯ ಕೊಡುತ್ತ ಕೂತರೆ, "ಇದನ್ನು ಬಯಾಪ್ಸಿಗೆ ಕಳಿಸಬೇಕಲ್ಲವೇ ಡಾಕ್ಟ್ರೇ?" ಎಂದು ಧೈರ್ಯವಾಗಿ ಕೇಳಿ. ಆ ರೈತರು ಅಂದು ನಮ್ಮನ್ನು ಹಾಗೆ ಕೇಳಿದ್ದರೆ ಎಂದು ನಾವು ಎಷ್ಟೋ ಸಲ ಹಂಬಲಿಸಿದ್ದೇವೆ.

ಕೇಳದೆ ಉಳಿದ ಪ್ರಶ್ನೆ

ಜಗಳೂರು ಬೆಂಗಾಡು ಸೀಮೆ. ಅಲ್ಲಿಯ ಹೆಣ್ಣುಮಕ್ಕಳ ತೊಂದರೆ ಬೇರೆ ತೆರನಾದದ್ದು. ತಪ್ಪು ಮಾತು ಅವರ ಕಿವಿಗೆ ಬೀಳುವುದು ಒತ್ತಟ್ಟಿಗಿರಲಿ, ತಮ್ಮ ಪ್ರಶ್ನೆಯನ್ನು ಯಾರಲ್ಲಿಯೂ ಕೇಳಲಾಗದೆ ಅವರು ಒದ್ದಾಡುತ್ತಾರೆ. ಶ್ರೀಮಠದ ಆರೋಗ್ಯ ಶಿಬಿರದಲ್ಲಿ ಮಂಡಿನೋವು ಎಂದು ಬಂದ ಅರವತ್ತರ ತಾಯಿಯೊಬ್ಬರು ಎಣ್ಣೆಯ ಸೀಸೆ ತೆಗೆದುಕೊಂಡು ಬಾಗಿಲವರೆಗೆ ಹೋದವರು ಮತ್ತೆ ತಿರುಗಿ ಬಂದು, ನಮ್ಮ ಜೊತೆಗಿದ್ದ ದಾದಿಯ ಕಿವಿಯಲ್ಲಿ ಹೇಳಿದರು: ಮುಟ್ಟು ನಿಂತು ಹತ್ತು ವರ್ಷವಾದ ಮೇಲೆ ಮತ್ತೆ ರಕ್ತ ಕಾಣುತ್ತಿದೆ. ಎಷ್ಟು ದಿನದಿಂದ ಎಂದರೆ ಯುಗಾದಿಯಿಂದ ಎಂದರು. ಆಗ ದೀಪಾವಳಿ ಹತ್ತಿರ ಬಂದಿತ್ತು.

ಮುಟ್ಟು ನಿಂತ ಮೇಲೆ ರಕ್ತ ಹೋಗುವುದು, ದಾಂಪತ್ಯದ ನಂತರ ರಕ್ತ ಕಾಣುವುದು, ದುರ್ವಾಸನೆಯ ಸ್ರಾವ, ಮೊಲೆಯಲ್ಲಿ ನೋವಿಲ್ಲದ ಗಂಟು, ಮೊಲೆತೊಟ್ಟು ಹೊಸದಾಗಿ ಒಳಸೇರುವುದು ಅಥವಾ ಅದರಿಂದ ರಕ್ತ ಜಿನುಗುವುದು: ಇವುಗಳಲ್ಲಿ ಯಾವುದಿದ್ದರೂ ನಾಚಿಕೆಪಡದೆ ತೋರಿಸಬೇಕು. ನೋವಿಲ್ಲವೆಂಬುದು ಸಮಾಧಾನದ ಕಾರಣವಲ್ಲ. ಎಲ್ಲ ಗಂಟೂ ಕ್ಯಾನ್ಸರಲ್ಲ, ಹೆಚ್ಚಿನವು ಅಲ್ಲ. ಆದರೆ ಅದನ್ನು ನಿರ್ಧರಿಸುವುದು ಪರೀಕ್ಷೆಯೇ ಹೊರತು ಅತ್ತೆಯವರ ಅಥವಾ ನೆರೆಮನೆಯವರ ಅನುಭವವಲ್ಲ. ಮೂವತ್ತು ವರ್ಷ ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳು ಈ ಮೂರರ ತಪಾಸಣೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ಮಟ್ಟದಲ್ಲಿಯೇ ಮಾಡುವ ಸರ್ಕಾರಿ ಕಾರ್ಯಕ್ರಮವಿದೆ. ಗರ್ಭಕೊರಳಿಗೆ ವಿನೆಗರಿನಂಥ ದ್ರಾವಣ ಹಚ್ಚಿ ನೋಡುವ ಪರೀಕ್ಷೆಗೆ ಕೆಲವೇ ನಿಮಿಷ ಸಾಕು. ಆಶಾ ಕಾರ್ಯಕರ್ತೆಯೂ ನಿಮ್ಮ ಊರಿನ ಹೆಣ್ಣುಮಗಳೇ. ಅವರಲ್ಲಿ ಕೇಳಲು ಸಂಕೋಚ ಬೇಡ.

ಕಾಲದ ಲೆಕ್ಕ

ಮೂರನೆಯ ಸಾಧನ ಅನುಮಾನ, ಅಂದರೆ ಯುಕ್ತಿಯಿಂದ ಮುಂದಿನದನ್ನು ಊಹಿಸುವುದು. "ಮೊದಲು ಮೂರು ತಿಂಗಳು ನಾಟಿ ಔಷಧಿ ನೋಡೋಣ, ಆಗದಿದ್ದರೆ ಆಸ್ಪತ್ರೆ ಇದ್ದೇ ಇದೆ" ಎಂಬುದು ಬಹಳ ಮನೆಗಳ ತೀರ್ಮಾನ. ಆಸ್ಪತ್ರೆ ಅಲ್ಲಿಯೇ ಇರುತ್ತದೆ, ನಿಜ. ರೋಗ ಅಲ್ಲಿಯೇ ಇರುವುದಿಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 2018ರ ಅಧ್ಯಯನವೊಂದರಲ್ಲಿ, ಬೇರೆಡೆಗೆ ಹರಡದ ಕ್ಯಾನ್ಸರ್ ಇದ್ದೂ ಪರ್ಯಾಯ ಚಿಕಿತ್ಸೆಯನ್ನು ಮಾತ್ರ ಆರಿಸಿಕೊಂಡ 281 ರೋಗಿಗಳನ್ನು ಆಸ್ಪತ್ರೆಯ ಚಿಕಿತ್ಸೆ ಪಡೆದವರೊಂದಿಗೆ ಹೋಲಿಸಿದರು. ಪರ್ಯಾಯವನ್ನಷ್ಟೇ ನೆಚ್ಚಿದವರಲ್ಲಿ ಸಾವಿನ ಸಂಭವ ಎರಡೂವರೆ ಪಟ್ಟು ಹೆಚ್ಚಾಗಿತ್ತು. ಇತ್ತ ಕೇರಳದ ತಿರುವನಂತಪುರದಲ್ಲಿ 1996ರಿಂದ ನಡೆದ ಅಧ್ಯಯನದಲ್ಲಿ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿಯನ್ನು ಕಣ್ಣಿನಿಂದ ನೋಡಿ ಪರೀಕ್ಷಿಸಿದರು. ತಂಬಾಕು ಅಥವಾ ಮದ್ಯ ಸೇವಿಸುವವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಸುಮಾರು ಮೂರನೆಯ ಒಂದು ಭಾಗದಷ್ಟು ಇಳಿಯಿತೆಂದು 2005ರಲ್ಲಿ ಪ್ರಕಟವಾಯಿತು. ತಡಮಾಡಿದರೆ ಎಷ್ಟು ನಷ್ಟ, ಬೇಗ ನೋಡಿದರೆ ಎಷ್ಟು ಲಾಭ ಎಂಬುದಕ್ಕೆ ಈ ಎರಡು ಲೆಕ್ಕಗಳು ಸಾಕು.

"ಆಯುರ್ವೇದದಲ್ಲಿ ಕೊಯ್ಯದೆ ವಾಸಿ ಮಾಡ್ತಾರಂತಲ್ರೀ" ಎಂದು ನಮ್ಮನ್ನು ಕೇಳುವವರಿಗೆ ಸುಶ್ರುತಾಚಾರ್ಯರನ್ನೇ ನೆನಪಿಸುತ್ತೇವೆ. ನಿದಾನಸ್ಥಾನದ ಹನ್ನೊಂದನೆಯ ಅಧ್ಯಾಯದಲ್ಲಿ ಅರ್ಬುದವನ್ನು ವರ್ಣಿಸಿದ ಅವರು ಅದರ ಕೆಲವು ಬಗೆಗಳನ್ನು ಅಸಾಧ್ಯವೆಂದು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಚಿಕಿತ್ಸಾಸ್ಥಾನದಲ್ಲಿ, ಶೇಷವುಳಿದ ಅರ್ಬುದ ಬೇಗನೆ ಮತ್ತೆ ಬೆಳೆಯುವುದರಿಂದ ಅದನ್ನು ಪೂರ್ಣವಾಗಿ ತೆಗೆಯಬೇಕೆಂದು ಎಚ್ಚರಿಸಿದ್ದಾರೆ. ಶಸ್ತ್ರ ಹಿಡಿದ ಆಚಾರ್ಯರ ಹೆಸರಿನಲ್ಲಿ ಶಸ್ತ್ರವನ್ನು ನಿರಾಕರಿಸುವುದು ಶಾಸ್ತ್ರಕ್ಕೆ ಮಾಡುವ ಅಪಚಾರ. ಬಾಯಿ, ಸ್ತನ, ಗರ್ಭಕೊರಳಿನ ಗಂಟಿಗೆ ಸೂಜಿ, ಕತ್ತರಿ ತಾಗಿದರೆ ರೋಗ ಮೈಯೆಲ್ಲ ಹರಡುತ್ತದೆಂಬ ಭಯಕ್ಕೂ ಆಧಾರವಿಲ್ಲ. ಬಯಾಪ್ಸಿಯಿಲ್ಲದೆ ರೋಗದ ಹೆಸರೇ ಗೊತ್ತಾಗುವುದಿಲ್ಲ; ಹೆಸರು ಗೊತ್ತಾಗದೆ ಚಿಕಿತ್ಸೆಯಿಲ್ಲ.

ಹಾಗಾದರೆ ಆಯುರ್ವೇದಕ್ಕೆ ಕೆಲಸವಿಲ್ಲವೇ? ಇದೆ. ಹಸಿವು, ನಿದ್ರೆ, ಮಲಪ್ರವೃತ್ತಿ, ಬಲ, ಮನಸ್ಸಿನ ಸಮಾಧಾನ ಇವುಗಳನ್ನು ಕಾಯುವುದರಲ್ಲಿ ನಮ್ಮ ಪಾಲಿದೆ. ಆದರೆ ಕೀಮೋಥೆರಪಿ ನಡೆಯುವಾಗ ಯಾವ ಚೂರ್ಣವನ್ನೂ ಭಸ್ಮವನ್ನೂ ಕ್ಯಾನ್ಸರ್ ವೈದ್ಯರಿಗೆ ತಿಳಿಸದೆ ತೆಗೆದುಕೊಳ್ಳಬಾರದು. ಯಕೃತ್ತಿನಲ್ಲಿ ಒಂದು ಔಷಧಿ ಇನ್ನೊಂದರ ಪ್ರಭಾವವನ್ನು ಏರಿಸಬಹುದು, ಇಳಿಸಬಹುದು. ಬೈಯುತ್ತಾರೆಂದು ಮುಚ್ಚಿಡಬೇಡಿ.

ರೋಗಿಗೇ ಹೇಳದ ಮಾತು

"ಅಪ್ಪಾಜಿಗೆ ಮಾತ್ರ ಹೇಳಬ್ಯಾಡ್ರಿ ಸಾರ್, ತಡಕಣಲ್ಲ" ಎಂದು ಮಕ್ಕಳು ಕೈಮುಗಿಯುತ್ತಾರೆ. ಅವರ ಸಂಕಟ ನಮಗೆ ಅರ್ಥವಾಗುತ್ತದೆ. ಆದರೆ ಆಸ್ಪತ್ರೆಯ ಬಾಗಿಲ ಫಲಕವನ್ನು ಅಪ್ಪಾಜಿಯವರೂ ಓದುತ್ತಾರೆ. ಮನೆಯವರು ಮಾತು ನಿಲ್ಲಿಸಿದಾಗ ಅವರು ಕಾರಣವನ್ನು ತಾವೇ ಊಹಿಸಿಕೊಳ್ಳುತ್ತಾರೆ, ಒಂಟಿಯಾಗಿ ಹೆದರುತ್ತಾರೆ. ತನ್ನ ದೇಹದ ಸಂಗತಿ ಗೊತ್ತಿಲ್ಲದವರು ಮೂವತ್ತು ದಿನ ವಿಕಿರಣ ಚಿಕಿತ್ಸೆಗೆ ಏಕೆ ಹೋಗಬೇಕು? ಅರ್ಧಕ್ಕೆ ಬಿಟ್ಟು ಬಂದವರಲ್ಲಿ ಇಂಥವರನ್ನು ನಾವು ಕಂಡಿದ್ದೇವೆ. ಅವರು ಎಷ್ಟು ಕೇಳುತ್ತಾರೋ ಅಷ್ಟನ್ನು, ಸುಳ್ಳಿಲ್ಲದೆ, ಮೆಲ್ಲಗೆ, ಹತ್ತಿರ ಕುಳಿತು ಹೇಳಬೇಕು. ಹಾಗೆಯೇ ಕ್ಯಾನ್ಸರ್ ಅಂಟುರೋಗವಲ್ಲ. ಅವರ ತಟ್ಟೆ ಲೋಟಗಳನ್ನು ಬೇರೆ ಇಡುವುದು, ಮೊಮ್ಮಕ್ಕಳನ್ನು ದೂರವಿಡುವುದು ಅಜ್ಞಾನ ಮಾತ್ರವಲ್ಲ, ಕ್ರೌರ್ಯ.

ಕೇಳಬೇಕಾದ ಸ್ಥಳ, ಕೇಳಬೇಕಾದ ಪ್ರಶ್ನೆ

ಸಂದೇಹ ಬಂದರೆ ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆ. 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆ ರಾಜ್ಯದ ಪ್ರಮುಖ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ನೆರವಿದೆ. ಪಡಿತರ ಚೀಟಿ, ಆಧಾರ್ ಒಯ್ಯಲು ಮರೆಯಬೇಡಿ. ಚಿಕಿತ್ಸೆಗಾಗಿ ಪ್ರಯಾಣಿಸುವ ಕ್ಯಾನ್ಸರ್ ರೋಗಿಗೂ ಜೊತೆಗಾರರಿಗೂ ರೈಲ್ವೆಯಲ್ಲಿ ರಿಯಾಯಿತಿಯಿದೆ. ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ 1800-112-356.

ಕ್ಯಾನ್ಸರ್ ವೈದ್ಯರ ಮುಂದೆ ಕುಳಿತಾಗ ಗಾಬರಿಯಲ್ಲಿ ಪ್ರಶ್ನೆಗಳು ಮರೆತುಹೋಗುತ್ತವೆ. ಆದುದರಿಂದ ಈ ಐದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ:

1. ರೋಗದ ಹೆಸರೇನು, ಬಯಾಪ್ಸಿಯಲ್ಲಿ ಅದು ಸಿದ್ಧವಾಗಿದೆಯೇ?
2. ಯಾವ ಹಂತದಲ್ಲಿದೆ?
3. ಚಿಕಿತ್ಸೆಯ ಉದ್ದೇಶ ಗುಣಪಡಿಸುವುದೋ, ನೋವು ತಗ್ಗಿಸುವುದೋ?
4. ಎಷ್ಟು ಕಾಲ ಬೇಕು, ಎಷ್ಟು ಖರ್ಚು, ಯೋಜನೆಯಲ್ಲಿ ಯಾವುದು ಸೇರುತ್ತದೆ?
5. ಏನು ತಿನ್ನಬಹುದು, ಯಾವ ಬೇರೆ ಔಷಧಿ ನಿಲ್ಲಿಸಬೇಕು?

ಉತ್ತರಗಳನ್ನು ಅಲ್ಲಿಯೇ ಬರೆದುಕೊಳ್ಳಿ. ಎಲ್ಲ ಕಾಗದಗಳನ್ನೂ ಒಂದೇ ಕಡತದಲ್ಲಿಡಿ. ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳುವುದು ಮೊದಲನೆಯ ವೈದ್ಯರಿಗೆ ಮಾಡುವ ಅವಮಾನವಲ್ಲ.

ಹನ್ನೆರಡನೆಯ ಶತಮಾನದ ಶರಣರ ಬಳಗದಲ್ಲಿ ವೈದ್ಯ ಸಂಗಣ್ಣನವರೂ ಒಬ್ಬರು. ವೈದ್ಯಕಾಯಕ ಅವರದು. ಕಾಯಕವೆಂದ ಮೇಲೆ ಅದರಲ್ಲಿ ಸತ್ಯಶುದ್ಧತೆ ಇರಲೇಬೇಕು. ವೈದ್ಯನಿಗೆ ಅದರ ಮೊದಲ ಪಾಠವೆಂದರೆ ತನಗೆ ಆಗದ್ದನ್ನು ಆಗದೆಂದು ಹೇಳುವುದು. ನಮ್ಮ ಚಿಕಿತ್ಸಾಲಯದಲ್ಲಿ ರೋಗಿಗಳು ಕೂರುವ ಬೆಂಚಿನ ಎದುರಿಗೆ ಹಲವು ವರ್ಷಗಳಿಂದ ಒಂದು ಹಲಗೆ ಇದೆ. "ಮೂರು ವಾರದಲ್ಲಿ ಮಾಯದ ಹುಣ್ಣಿಗೆ ನಮ್ಮಲ್ಲಿ ಔಷಧಿಯಿಲ್ಲ; ಕಳುಹಿಸುವ ಚೀಟಿಯಿದೆ" ಎಂದು ಅದರಲ್ಲಿ ಬರೆಸಿದ್ದೇವೆ. ಅದನ್ನು ಓದಿ ಕೆಲವರು ನಗುತ್ತಾರೆ, ಕೆಲವರು ಬೇರೆ ವೈದ್ಯರಲ್ಲಿಗೆ ಹೋಗುತ್ತಾರೆ. ಕೆಲವರು ಚೀಟಿ ಕೇಳಿ ಪಡೆಯುತ್ತಾರೆ. ನ್ಯಾಮತಿಯ ಆ ತಾಯಿ ಹೇಳಿದ ನಂಬಿಕೆಯ ಋಣವನ್ನು ಆ ಚೀಟಿಯ ಮೂಲಕ ಅಷ್ಟಿಷ್ಟು ತೀರಿಸುತ್ತಿದ್ದೇವೆ.